ಅವ್ವನ ಕಾಲಿಗೆ ಡಿಟಾಕ್ಸ್ ಪ್ಯಾಡ್: ಪ್ರತಿಕ್ರಿಯೆ

ನಿಮ್ಮ ಅವ್ವ ರಾತ್ರಿ ಕಾಲು ಉರೀತದೆ ಅಂತ ಅಂಗಾಲಿಗೆ ಡಿಟಾಕ್ಸ್ ಪ್ಯಾಡ್ (ಮೈಯ ವಿಷ ಹೀರ್ತದೆ ಅಂತ ಮಾರೋ ಅಂಟುಪಟ್ಟಿ) ಹಚ್ಚಿ ಮಲಗ್ತಾರೆ, ಬೆಳಿಗ್ಗೆ ಅದು ಕಪ್ಪಾಗಿರ್ತದೆ, ಅದು ವಿಷವೇ ಅಂತ ನಂಬಿದಾರೆ ಅಂತ ಬರೆದಿದ್ದೀರಿ. ಪ್ಯಾಡ್ ಕಪ್ಪಾಗಿರೋದು ವಿಷದಿಂದ ಅಲ್ಲ, ಅವರ ಕಾಲಿನ ಬೆವರಿನಿಂದ. ಇಂಥ ಪ್ಯಾಡಿನ ಪುಡಿಯಲ್ಲಿ ಸಾಮಾನ್ಯವಾಗಿ ಬಿದಿರಿನ ಅಥವಾ ಕಟ್ಟಿಗೆಯ ವಿನೆಗರ್ ಇರ್ತದೆ, ತೇವ ತಾಗಿದರೆ ಕಂದಾಗ್ತದೆ. ವಿಜಯಪುರದ ಬೇಸಿಗೆಯಲ್ಲಂತೂ ಕೇಳೋದೇ ಬೇಡ. ನಮ್ಮ ಅತ್ತೆಯೂ ಮೊದಲು ಒಪ್ಪಲಿಲ್ಲ. ಹೊಸ ಪ್ಯಾಡೊಂದನ್ನು ಇಕ್ಕಳದಲ್ಲಿ ಹಿಡಿದು ಕುದಿಯೋ ನೀರಿನ ಹಬೆಗೆ ಒಡ್ಡಿದೆ. ಯಾರ ಕಾಲೂ ತಾಗದೆ ಅದೇ ಕಂದು, ಅದೇ ಹುಳಿ ಹೊಗೆ ವಾಸನೆ. ನೀವೂ ಮಾಡಿ ತೋರಿಸಿ. ವಿಷ ತೆಗೀತದೆ ಅಂತ ಜಾಹೀರಾತು ಕೊಟ್ಟ ಕಿನೋಕಿ ಪ್ಯಾಡಿನವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರಿಗೆ ಮೋಸ ಆಗದಂತೆ ನೋಡೋ ಸರ್ಕಾರಿ ಸಂಸ್ಥೆ) 2009ರಲ್ಲೇ ಕೇಸು ಹಾಕಿತ್ತು. ರಕ್ತದ ಕಸ ತೆಗೆಯೋ ಕೆಲಸ ಲಿವರ್, ಕಿಡ್ನಿಯದು.

ನನಗೆ ಚಿಂತೆ ಹತ್ತಿದ್ದು ನೀವು ಕೊನೆಗೆ ಬರೆದ ಮಾತಿಗೆ: ಅವ್ವನಿಗೆ ಸಕ್ಕರೆ ಕಾಯಿಲೆ, ಅಂಗಾಲು ಕೆಂಪಾಗಿದೆ.

ಇವತ್ತೇ ಪ್ಯಾಡ್ ನಿಲ್ಲಿಸಿ. ಅಂಟು ಉಳಿದಿದ್ದರೆ ಕೆರೆದು ಕೀಳಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಮೆಲ್ಲಗೆ ಬಿಡಿಸಿ. ನೀರಿನ ಬಿಸಿ ನೀವೇ ಮುಟ್ಟಿ ನೋಡ್ರಿ, ಅವರ ಕಾಲಿಗೆ ತಿಳಿಯದೇ ಇರಬಹುದು. ಆಮೇಲೆ ಸೌಮ್ಯ ಸಾಬೂನು ಹಚ್ಚಿ ತೊಳೆದು, ಬೆರಳ ಸಂದಿ ಒಣಗುವ ಹಾಗೆ ಒರೆಸಿ, ಬ್ಯಾಟರಿ ಹಿಡಿದು ಹಿಮ್ಮಡಿತನಕ ನೋಡಿ. ಕೆಂಪಾಗಿದ್ದು ಅಂಟಿಗೋ ಪುಡಿಗೋ, ಇಲ್ಲಿಂದ ಹೇಳಲಾರೆ. ಗುಳ್ಳೆ, ಸಣ್ಣ ಗಾಯ, ಕೀವು ಏನೇ ಕಂಡರೂ ಅದೇ ದಿನ ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಏನೂ ಇಲ್ಲದಿದ್ದರೂ ಕೆಂಪು ನಾಳೆಗೆ ಇಳಿಯದಿದ್ದರೆ ತೋರಿಸಲೇಬೇಕು. ರಾತ್ರಿ ಕಾಲು ಉರಿಯೋದು ಸಕ್ಕರೆಯಿಂದ ನರಕ್ಕೆ ಆದ ತೊಂದರೆಯೂ ಇರಬಹುದು, ಅದನ್ನೂ ಹೇಳಿ. ಅಲ್ಲಿತನಕ ಸಕ್ಕರೆ ಕಾಯಿಲೆಯ ಗುಳಿಗೆ ಒಂದು ಹೊತ್ತೂ ತಪ್ಪಿಸಬೇಡಿ.