ಕೆರೆ ದಂಡೆಗೆ ಗೋಡೆ ಬೇಕೇ?

ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಬಡಾವಣೆಯ ಕೆರೆಗೆ ಪಾರ್ಕ್ ಮಾಡುತ್ತಿದ್ದಾರೆ. ಸುತ್ತ ಕಲ್ಲಿನ ಗೋಡೆ ಕಟ್ಟಿ ವಾಕಿಂಗ್ ಪಾತ್ ಹಾಕಿದರೆ ನೀಟಾಗಿರುತ್ತದೆ. ನೀವು ನೋಡಿದರೆ ಹಿಂದೆ ಬರೆದಾಗ ಮಣ್ಣಿನ ದಂಡೆ, ಜೊಂಡು (ನೀರಂಚಿನ ಎತ್ತರದ ಹುಲ್ಲು) ಅಂತ ಹೊಗಳಿದ್ದೀರಿ. ಮಕ್ಕಳು ಜಾರಿ ಬಿದ್ದರೆ? ಸೊಳ್ಳೆ ಜಾಸ್ತಿಯಾದರೆ?"

ನಿಮ್ಮ ಎರಡೂ ಭಯ ನ್ಯಾಯವಾದದ್ದೇ. ಮಕ್ಕಳ ವಿಷಯ ಮೊದಲು ನೋಡೋಣ. ನೆಟ್ಟಗಿನ ಗೋಡೆಯಿಂದ ಬಿದ್ದ ಮಗುವಿಗೆ ಕಾಲೂರಲು ನೆಲ ಸಿಗುವುದಿಲ್ಲ, ಹತ್ತಿ ಬರಲು ಹಿಡಿತವೂ ಇಲ್ಲ. ಸಣ್ಣ ಇಳಿಜಾರಿನ ದಂಡೆಯಲ್ಲಿ ಜಾರಿದರೆ ಮೊದಲು ಸಿಗುವುದು ಮೊಣಕಾಲುದ್ದದ ನೀರು. ಅಂಚಿನಲ್ಲಿ ದಟ್ಟವಾಗಿ ಗಿಡ ಬೆಳೆದಿದ್ದರೆ ನೀರಿನ ತನಕ ಹೋಗುವುದೇ ಕಷ್ಟ.

ಸಿಂಗಪುರದ ಬಿಷಾನ್–ಆಂಗ್ ಮೋ ಕಿಯೊ ಪಾರ್ಕಿನ ಕೆಲಸ ನನಗೆ ಬಹಳ ಇಷ್ಟ. ಕಲ್ಲಂಗ್ ನದಿ ಅಲ್ಲಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಆ ಕಾಂಕ್ರೀಟ್ ಒಡೆದು, ನದಿಯನ್ನು ಪಾರ್ಕಿನೊಳಗೇ ಅಂಕುಡೊಂಕಾಗಿ 3.2 ಕಿ.ಮೀ. ಹರಿಯಲು ಬಿಟ್ಟರು. 2012ರಲ್ಲಿ ಅದು ಜನರಿಗೆ ತೆರೆಯಿತು. ಮಳೆ ಇಲ್ಲದಾಗ ನದಿ ತೆಳ್ಳಗೆ ಹರಿಯುತ್ತದೆ, ಜನ ದಂಡೆಯ ಹುಲ್ಲಿನ ಮೇಲೆ ಕೂರುತ್ತಾರೆ. ಜೋರು ಮಳೆ ಬಂದಾಗ ಅದೇ ಹುಲ್ಲುಹಾಸು ನದಿಗೆ ಸೇರುತ್ತದೆ, ಕೆಲವೆಡೆ ಅಗಲ 100 ಮೀಟರ್ ಹತ್ತಿರ ಹೋಗುತ್ತದೆ. ನೀರು ಏರಿದರೆ ಎಚ್ಚರಿಸಲು ಸೈರನ್, ದೀಪ ಇವೆ. ದಂಡೆಯನ್ನು ಹಿಡಿದಿರುವುದು ಕಲ್ಲು, ರೆಂಬೆಗಳ ಕಟ್ಟು, ಗಿಡದ ಬೇರು. ಇದು ಅಂದಾಜಿನ ಮೇಲೆ ಮಾಡಿದ ಕೆಲಸವಲ್ಲ. ಮೊದಲು 60 ಮೀಟರ್ ಉದ್ದದ ಒಂದು ಸಣ್ಣ ಕಾಲುವೆಯಲ್ಲಿ ಹತ್ತು ವಿಧಾನ ಮಾಡಿ ನೋಡಿ, ನಿಂತದ್ದನ್ನು ಆರಿಸಿಕೊಂಡರು. ಈಗ ಅಲ್ಲಿ ನೀರುನಾಯಿಗಳೂ ಕಾಣಿಸುತ್ತವೆ!

ಆದರೆ ನಮ್ಮದು ಕೆರೆ. ಅದರ ಲೆಕ್ಕವೇ ಬೇರೆ. ಹಿರಿಯರು ಏರಿ, ಅಂದರೆ ನೀರು ತಡೆಯುವ ಮಣ್ಣಿನ ಒಡ್ಡು, ಕಟ್ಟಿದ್ದು ತಗ್ಗಿನ ಕಡೆ ಮಾತ್ರ. ಅಲೆ ಬಡಿಯುವ ಆ ಏರಿಗೆ ಕಲ್ಲು ಹೊದಿಸಲೇಬೇಕು, ಅದರಲ್ಲಿ ತಕರಾರಿಲ್ಲ. ಉಳಿದ ಕಡೆ ಕೆರೆಯಂಗಳ ಮೆಲ್ಲಗೆ ಇಳಿಯುತ್ತದೆ, ಮಳೆನೀರು ಒಳಗೆ ಬರುವ ದಾರಿಯೇ ಅದು. ಬೆಂಗಳೂರಿನ ಹಲವು ಕೆರೆಗಳಲ್ಲಿ ವಾಕಿಂಗ್‌ಗೆಂದು ಸುತ್ತಲೂ ಏರಿ ಹಾಕಿ, ಹೂಳೆತ್ತಿ, ಕೆರೆಯನ್ನು ಬಟ್ಟಲಿನ ಹಾಗೆ ಮಾಡಿಬಿಟ್ಟರು. ಒಳಗೆ ಬರುವ ಮಳೆನೀರಿಗೆ ಪಾತ್ ಅಡ್ಡವಾಯಿತು. ಆಳವಿಲ್ಲದ ನೀರಿನಲ್ಲಿ ನಡೆದು ಮೇಯುವ ಕೊಕ್ಕರೆಗಳಿಗೆ ಜಾಗವೇ ಇಲ್ಲದಂತಾಯಿತು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ಸೊಳ್ಳೆ. ಕೆರೆಯಲ್ಲಿ ಸೊಳ್ಳೆ ಹೆಚ್ಚಲು ಬೇಕಾದದ್ದು ನಿಂತ ನೀರು, ಅದರಲ್ಲೂ ಮೀನಿಲ್ಲದ ಕೊಳಕು ನೀರು. ಚರಂಡಿ ನೀರು ಬಂದು ಬೀಳುತ್ತಿದ್ದರೆ ಗೋಡೆ ಕಟ್ಟಿದರೂ ಸೊಳ್ಳೆ ಬರುತ್ತದೆ. ನೀರು ಚೆನ್ನಾಗಿದ್ದರೆ ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆ ಮರಿಯನ್ನು ತಿನ್ನುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಗೆ ಬರುವ ಕೊಳಚೆ ನೀರನ್ನು ಮೊದಲು ಘಟಕದಲ್ಲಿ ಶುದ್ಧಮಾಡಿ, ಆಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆ ಇದೆ. ಹೋಗಿ ನೋಡಿ ಬನ್ನಿ. ಜೊಂಡನ್ನು ಮಾತ್ರ ಆಗಾಗ ಕೊಯ್ಯಲೇಬೇಕು, ಸುಮ್ನೆ ಬಿಟ್ಟರೆ ಕೆರೆಯನ್ನೇ ತುಂಬಿಬಿಡುತ್ತದೆ.

ಕೆಲಸ ಶುರುವಾಗುವ ಮೊದಲೇ ಎಂಜಿನಿಯರ್ ಹತ್ತಿರ ನಕ್ಷೆ ಕೇಳಿ. ಮಳೆನೀರು ತರುವ ರಾಜಕಾಲುವೆ ಎಲ್ಲಿ ಬಂದು ಸೇರುತ್ತದೆ, ಕೆರೆ ತುಂಬಿದಾಗ ನೀರು ಹೊರಹೋಗುವ ಕೋಡಿ ಎಲ್ಲಿದೆ, ಪಾತ್ ಇವೆರಡನ್ನು ಹೇಗೆ ದಾಟುತ್ತದೆ ಅಂತ ಬೆರಳಿಟ್ಟು ತೋರಿಸಲು ಹೇಳಿ. ನಕ್ಷೆಯ ಪ್ರತಿ ಸಿಕ್ಕರೆ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಇಟ್ಟುಕೊಂಡು ಚರ್ಚಿಸೋಣ.

– ಸಂಪಾದಕ