ಅದು ಸರ್ಪೆಂಟ್, ಕೊಳಲಿನ ಜಾತಿಯಲ್ಲ
ನೀವು ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ನೋಡಿದ, ಹಾವಿನ ಹಾಗೆ ಡೊಂಕಾದ ಕಪ್ಪು ವಾದ್ಯದ ಹೆಸರು ಸರ್ಪೆಂಟ್. ಬೆರಳಿಡುವ ತೂತುಗಳಿವೆ, ಹಾಗಾದರೆ ಕೊಳಲಿನ ಜಾತಿಯಾ ಅಂತ ಕೇಳಿದ್ದೀರಿ. ಅಲ್ಲ, ಇದು ಕಹಳೆಯ ಕಡೆಯದು. ಬಟ್ಟಲಿನಂಥ ಊದುಬಾಯಿಗೆ ತುಟಿ ಒತ್ತಿ, ತುಟಿಯನ್ನೇ ಅದುರಿಸಿ ನುಡಿಸಬೇಕು. ಮೈ ಮಾತ್ರ ಮರದ್ದು. ಎರಡು ಹೋಳುಗಳನ್ನು ಕೊರೆದು, ಅಂಟಿಸಿ, ಮೇಲೆ ಚರ್ಮ ಸುತ್ತುತ್ತಾರೆ. ನಿಮಗೆ ಕಪ್ಪಗೆ ಕಂಡದ್ದು ಆ ಚರ್ಮವೇ. ನೇರ ಮಾಡಿದರೆ ಸುಮಾರು 8 ಅಡಿ ಉದ್ದ. ತೂತುಗಳಿಗೆ ಕೈ ಎಟುಕಲಿ ಅಂತಲೇ ಈ ಡೊಂಕು.

ಹುಟ್ಟಿದ್ದು ಫ್ರಾನ್ಸಿನಲ್ಲಿ. 1590ರ ಸುಮಾರಿಗೆ ಓಸೇರ್ ಊರಿನ ಪಾದ್ರಿ ಎದ್ಮೆ ಗಿಯೋಮ್ ಮಾಡಿದರು ಅನ್ನೋದು ರೂಢಿಯ ಮಾತು. ಚರ್ಚಿನಲ್ಲಿ ಹಾಡುವವರ ದನಿಗೆ ಕೆಳಗಿನಿಂದ ಆಸರೆ ಕೊಡೋದು ಇದರ ಕೆಲಸವಾಗಿತ್ತು.

ಇನ್ನು ದನಿ. ಮೆತ್ತಗೆ ಊದಿದರೆ ದಪ್ಪ ಗಂಟಲಿನವರು ಬಾಯಿ ಮುಚ್ಚಿಕೊಂಡು ಗುನುಗಿದ ಹಾಗಿರುತ್ತದೆ. ಜೋರು ಮಾಡಿದರೆ ಒರಟು. ತೂತುಗಳು ಕೈ ಎಟುಕುವ ಕಡೆ ಇವೆಯೇ ಹೊರತು ಶ್ರುತಿಗೆ ಬೇಕಾದ ಕಡೆ ಇಲ್ಲ. ಹಾಗಾಗಿ ಸ್ವರವನ್ನು ತುಟಿಯಲ್ಲೇ ಹಿಡಿಯಬೇಕು. ಪಳಗದವರು ಊದಿದರೆ ಕೇಳೋದು ಕಷ್ಟ! ಸಂಗೀತಗಾರ ಬೆರ್ಲಿಯೋಜ್ ಅಂತೂ ಇದನ್ನು ಚೆನ್ನಾಗಿಯೇ ಬೈದಿದ್ದಾರೆ. ನನಗೇನೋ ಆ ಗುನುಗು ಇಷ್ಟ. 19ನೇ ಶತಮಾನದಲ್ಲಿ ಆಫಿಕ್ಲೈಡ್, ಆಮೇಲೆ ಟ್ಯೂಬಾ ಅನ್ನೋ ಲೋಹದ ಊದುವಾದ್ಯಗಳು ಬಂದು ಇದರ ಜಾಗ ಹಿಡಿದವು.

ಕೇಳಬೇಕಂದ್ರೆ ಫ್ರಾನ್ಸಿನ ಸರ್ಪೆಂಟ್ ವಾದಕ ಮಿಷೆಲ್ ಗೊದಾರ್ ನುಡಿಸಿದ್ದನ್ನು ಹುಡುಕಿ. ಹೆಡ್‌ಫೋನ್ ಹಾಕಿಕೊಳ್ಳಿ, ಫೋನಿನ ಸ್ಪೀಕರ್‌ನಲ್ಲಿ ಈ ತಗ್ಗು ಸ್ವರ ಸರಿಯಾಗಿ ಕೇಳಲ್ಲ.