ಪ್ರತಿಕ್ರಿಯೆ: ಸ್ಪೇನಿನ ಆಂಗ್ಲಿರು ಬೆಟ್ಟದ ರಸ್ತೆ ಸೈಕಲ್ಲಲ್ಲಿ ಏರುವಾಗ ಅರ್ಧದ ಮೇಲೆ ಮಂಡಿ ಹಿಡ್ಕೊಳ್ತಿದೆ, ಏನ್ ಮಾಡ್ಲಿ?

ಸ್ಟ್ಯಾಮಿನಾ ಅಲ್ಲ, ಗೇರ್ ಭಾರ ಆಗ್ತಿದೆ ಅನ್ಸುತ್ತೆ. ಮುಂದಿನ ಗೇರ್ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಹಲ್ಲು ಅಂದ್ರಿ, ಆಂಗ್ಲಿರು ಸರಾಸರಿ 10% ಏರು ಅಂತ ಕಂಡ್ರೂ ಅದು ಮೋಸ, ಮೊದಲರ್ಧ ಸಲೀಸು, ಕೊನೇ 6 ಕಿಮೀ 13% ಆಸುಪಾಸು, ಕ್ವೆನ್ಯಾ ಲೆಸ್ ಕಾಬ್ರೆಸ್ ಅನ್ನೋ ಅತಿ ಕಡಿದಾದ ಭಾಗದ ಹತ್ರ 23% ಮುಟ್ಟುತ್ತೆ, ಅಲ್ಲಿ 28 ಹಲ್ಲಲ್ಲಿ ಮಂಡಿ ಉಳಿಯಲ್ಲ. ಮೊದ್ಲು ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಸೆಟ್) ಹಾಕ್ಸಿ, ನಿಮ್ಮ ಡಿರೇಲರ್‌ಗೆ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಅದು ಹಿಡಿಯುತ್ತಾ ಅಂತ ನೋಡ್ದೇ ಹೇಳಕ್ಕಾಗಲ್ಲ, ಮಾಡೆಲ್ ನಂಬರ್ ಕೊಟ್ಟು ಸೈಕಲ್ ಶಾಪಲ್ಲಿ ಕೇಳಿ, ಚೈನೂ ಬದಲಾಯಿಸ್ಬೇಕಾಗ್ಬಹುದು. ಆಮೇಲೆ ದಾರಿ ಮಧ್ಯದ ವಿಯಾಪರಾ ಅನ್ನೋ ಜಾಗದ ತನಕ ಮಾತಾಡ್ಕೊಂಡು ಹೋಗೋವಷ್ಟು ನಿಧಾನ ತುಳೀರಿ, ಅಲ್ಲಿ ಸ್ವಲ್ಪ ಸಮತಟ್ಟು ಸಿಗುತ್ತೆ, ಏನಾದ್ರೂ ತಿನ್ನಿ. ಕಡಿದಾದ ಕಡೆ ರಸ್ತೆ ಒದ್ದೆ ಇದ್ರೆ ಎದ್ದು ತುಳೀಬೇಡಿ, ಹಿಂದಿನ ಚಕ್ರ ಜಾರುತ್ತೆ, ಸೀಟಿನ ತುದಿಗೆ ಬಂದು ಮುಂದಕ್ಕೆ ಬಗ್ಗಿ. ಇಳಿಯುವಾಗ ತಿರುವಲ್ಲಿ ಹಸು ನಿಂತಿರ್ತವೆ, ಹುಷಾರು.